ಗಂಡನ ಮೆಡಿಕಲ್ ರಿಪೋರ್ಟ್ ಕಪಾಟಿನಲ್ಲಿದೆ, ಹೆಂಡತಿಯದ್ದು ಎಲ್ಲಿದೆ?

ನಮ್ಮ ಕರಾವಳಿಯ ಎಷ್ಟೋ ಮನೆಗಳ ಕಪಾಟಿನಲ್ಲಿ ಒಂದು ಪ್ಲಾಸ್ಟಿಕ್ ಫೈಲ್ ಇರುತ್ತದೆ. ಅದರೊಳಗೆ ಗಲ್ಫಿಗೆ ಹೋದ ಗಂಡಸಿನ ಹಳೆಯ ಪಾಸ್‌ಪೋರ್ಟ್, ವೀಸಾದ ಪ್ರತಿ, ಇಕಾಮಾದ ಜೆರಾಕ್ಸ್, ಜೊತೆಗೆ ಒಂದು ಮೆಡಿಕಲ್ ರಿಪೋರ್ಟ್. ಸೌದಿಯಾಗಲಿ, ದುಬೈಯಾಗಲಿ, ಕತರ್ ಆಗಲಿ, ಕೆಲಸಕ್ಕೆ ಹೋಗಬೇಕಾದರೆ ರಕ್ತ ಕೊಡಬೇಕು, ಎದೆಯ ಎಕ್ಸ್‌ರೇ ತೆಗೆಸಬೇಕು. ಆ ರಕ್ತದಲ್ಲಿ ಎಚ್‌ಐವಿ ಉಂಟೋ ಇಲ್ಲವೋ ಎಂದು ನೋಡಿಯೇ ನೋಡುತ್ತಾರೆ. ಹೀಗಾಗಿ ನಮ್ಮ ಗಂಡಸರಲ್ಲಿ ಬಹಳಷ್ಟು ಮಂದಿ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡವರೇ.

ಅದೇ ಮನೆಯ ಹೆಂಗಸಿನ ರಿಪೋರ್ಟ್ ಎಲ್ಲಿದೆ ಎಂದು ಕೇಳಿ ನೋಡಿ. ಹುಡುಕಿದರೆ ಹಳೆಯದೊಂದು ತಾಯಿ ಕಾರ್ಡ್ ಸಿಗಬಹುದು. ಬಸುರಿಯಾಗಿದ್ದಾಗ ಹಿಮೋಗ್ಲೋಬಿನ್, ಶುಗರ್ ಜೊತೆ ಎಚ್‌ಐವಿಯನ್ನೂ ಪರೀಕ್ಷಿಸಿರುತ್ತಾರೆ. ಕೊನೆಯ ಮಗು ಈಗ ಪಿಯುಸಿಯಲ್ಲಿದ್ದರೆ ಆ ರಿಪೋರ್ಟಿಗೂ ಹದಿನೇಳು ವರ್ಷ ಆಯಿತು. ಆಮೇಲೆ ಆಕೆಯ ರಕ್ತದಲ್ಲಿ ಏನುಂಟು ಎಂದು ಕೇಳಿದವರಿಲ್ಲ. ಗರ್ಭಕೋಶದ ಬಾಯಿಯನ್ನಂತೂ ಹೆರಿಗೆಯ ನಂತರ ಯಾರೂ ನೋಡಿಯೇ ಇಲ್ಲ.

ಇವು ಎರಡು ಬೇರೆ ಬೇರೆ ಪರೀಕ್ಷೆಗಳು ಎಂದು ನಾವು ತಿಳಿದುಕೊಂಡಿದ್ದೇವೆ. ಆದರೆ ಗರ್ಭಕಂಠದ ಕ್ಯಾನ್ಸರ್, ಅಥವಾ ಅದಕ್ಕೆ ಮುಂಚಿನ ಬದಲಾವಣೆ ಕಾಣಿಸಿಕೊಂಡ ಹೆಂಗಸಿಗೆ ಎಚ್‌ಐವಿ ಇದೆಯೇ ಎಂಬ ಪ್ರಶ್ನೆ ಬಹಳ ದೊಡ್ಡದು. ಉತ್ತರ 'ಹೌದು' ಎಂದಾದರೆ ಚಿಕಿತ್ಸೆಯ ದಾರಿ, ಮತ್ತೆ ಪರೀಕ್ಷೆಗೆ ಬರಬೇಕಾದ ದಿನ, ಬದುಕುವ ಸಾಧ್ಯತೆ ಎಲ್ಲವೂ ಬದಲಾಗುತ್ತದೆ. ಎಚ್‌ಐವಿಗೆ ಮಾತ್ರೆ ತೆಗೆದುಕೊಳ್ಳುತ್ತಿರುವ ಹೆಂಗಸಿನ ಗರ್ಭಕಂಠವನ್ನು ಯಾರಾದರೂ ನೋಡಿದ್ದಾರೆಯೇ ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ.

ಎರಡು ವೈರಸ್, ಒಂದು ನೊಬೆಲ್

2008ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಮೂವರು ಹಂಚಿಕೊಂಡರು. ಗರ್ಭಕಂಠದ ಕ್ಯಾನ್ಸರ್‌ಗೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ ಕಾರಣ ಎಂದು ತೋರಿಸಿದ ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ ಒಬ್ಬರು. ಎಚ್‌ಐವಿಯನ್ನು ಕಂಡುಹಿಡಿದ ಫ್ರಾನ್ಸಿನ ಫ್ರಾನ್ಸ್ವಾಸ್ ಬಾರೆ ಸಿನೂಸಿ ಮತ್ತು ಲ್ಯೂಕ್ ಮೊಂಟಾನಿಯೇ ಇನ್ನಿಬ್ಬರು. ಒಂದೇ ವೇದಿಕೆಯಲ್ಲಿ ಗೌರವ ಪಡೆದ ಈ ಎರಡು ಸಂಶೋಧನೆಗಳ ವೈರಸ್‌ಗಳು ಹೆಣ್ಣಿನ ದೇಹದಲ್ಲಿ ಜೊತೆಯಾದರೆ ಏನಾಗುತ್ತದೆ ಎಂಬುದನ್ನು ಸರಳವಾಗಿ ಹೇಳುತ್ತೇನೆ.

ಎಚ್‌ಪಿವಿ ಅಪರೂಪದ ವೈರಸ್ ಅಲ್ಲ. ದಾಂಪತ್ಯ ಜೀವನ ನಡೆಸುವ ಹೆಚ್ಚಿನವರಿಗೆ ಒಂದಲ್ಲ ಒಂದು ಕಾಲದಲ್ಲಿ ಅದು ತಗಲುತ್ತದೆ. ಅದು ಬಂತೆಂದರೆ ಯಾರೋ ದಾರಿ ತಪ್ಪಿದ್ದಾರೆ ಎಂದು ಅರ್ಥವಲ್ಲ. ದೇಹದ ರೋಗನಿರೋಧಕ ಶಕ್ತಿ ಸರಿಯಿದ್ದರೆ ಒಂದೆರಡು ವರ್ಷದಲ್ಲಿ ಅದನ್ನು ತಾನೇ ಹೊರಹಾಕುತ್ತದೆ. ಹೋಗದೆ ಉಳಿದರೆ, ಅದರಲ್ಲೂ 16 ಮತ್ತು 18ನೆಯ ಬಗೆಯದ್ದಾದರೆ, ಗರ್ಭಕಂಠದ ಜೀವಕೋಶಗಳು ನಿಧಾನವಾಗಿ ಕೆಡಲು ಶುರುವಾಗುತ್ತದೆ. ಈ ಕ್ಯಾನ್ಸರ್‌ನ ಸುಮಾರು ಶೇ. 70 ಪ್ರಕರಣಗಳಿಗೆ ಈ ಎರಡು ಬಗೆಗಳೇ ಕಾರಣ.

ಕೆಡಲು ಶುರುವಾದಲ್ಲಿಂದ ಕ್ಯಾನ್ಸರ್ ಆಗುವವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಅಷ್ಟು ಸಮಯ ನಮ್ಮ ಕೈಯಲ್ಲಿರುತ್ತದೆ. ಆದರೆ ಎಚ್‌ಐವಿ ಇದ್ದು ಅದಕ್ಕೆ ಚಿಕಿತ್ಸೆ ಇಲ್ಲದಿದ್ದರೆ, ಎಚ್‌ಪಿವಿಯನ್ನು ಹೊರಹಾಕಬೇಕಾದ ಶಕ್ತಿಯೇ ಸೋತಿರುತ್ತದೆ. ಆಗ ಅದೇ ದಾರಿಯನ್ನು ಕಾಯಿಲೆ 5ರಿಂದ 10 ವರ್ಷದಲ್ಲಿ ಮುಗಿಸಿಬಿಡಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಚ್‌ಐವಿ ಇರುವ ಹೆಂಗಸಿಗೆ ಈ ಕ್ಯಾನ್ಸರ್ ಬರುವ ಅಪಾಯ ಉಳಿದವರಿಗಿಂತ ಸುಮಾರು ಆರು ಪಟ್ಟು ಹೆಚ್ಚು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1993ರಲ್ಲೇ ಹರಡಿದ ಗರ್ಭಕಂಠದ ಕ್ಯಾನ್ಸರನ್ನು ಏಡ್ಸ್‌ನ ಗುರುತುಗಳ ಪಟ್ಟಿಗೆ ಸೇರಿಸಿತ್ತು.

ಲೆಕ್ಕ ಏನು ಹೇಳುತ್ತದೆ?

2018ರ ಅಂಕಿ ಅಂಶಗಳನ್ನು ಇಟ್ಟುಕೊಂಡು ನಡೆದ ಜಾಗತಿಕ ಅಧ್ಯಯನವೊಂದು ಗರ್ಭಕಂಠದ ಕ್ಯಾನ್ಸರ್ ಬಂದ ಹೆಂಗಸರಲ್ಲಿ ಎಷ್ಟು ಮಂದಿಗೆ ಎಚ್‌ಐವಿ ಇದೆ ಎಂದು ಲೆಕ್ಕ ಹಾಕಿತು. ಇಡೀ ಜಗತ್ತಿನಲ್ಲಿ ಅದು ಶೇ. 5.8. ಆಫ್ರಿಕದ ಪೂರ್ವ ಭಾಗದಲ್ಲಿ ಶೇ. 27.4. ದಕ್ಷಿಣ ಭಾಗದಲ್ಲಿ ಶೇ. 63.8. ಅಂದರೆ ದಕ್ಷಿಣ ಆಫ್ರಿಕ, ಬೋಟ್ಸ್ವಾನಾ ಮುಂತಾದ ದೇಶಗಳಲ್ಲಿ ಈ ಕ್ಯಾನ್ಸರ್ ಬಂದ ಮೂವರಲ್ಲಿ ಹೆಚ್ಚುಕಡಿಮೆ ಇಬ್ಬರು ಎಚ್‌ಐವಿ ಇರುವವರು.

ಭಾರತದ ಚಿತ್ರ ಬೇರೆ. ನಮ್ಮಲ್ಲಿ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಸುಮಾರು ಶೇ. 0.2. ಆದ್ದರಿಂದ ಗರ್ಭಕಂಠದ ಕ್ಯಾನ್ಸರ್ ಬಂದ ನಮ್ಮ ಬಹುಪಾಲು ಹೆಂಗಸರಿಗೆ ಎಚ್‌ಐವಿ ಇಲ್ಲ. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಇಲ್ಲವಾದರೆ ನಾಳೆ ಯಾರಿಗಾದರೂ ಈ ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ಊರಿಡೀ ಇನ್ನೊಂದು ಗುಸುಗುಸು ಶುರುವಾಗುತ್ತದೆ.

ಆದರೆ ಶೇಕಡಾವಾರು ಸಣ್ಣದಿದ್ದರೂ ನಮ್ಮ ದೇಶದ ಜನಸಂಖ್ಯೆ ದೊಡ್ಡದು. 2023ರ ಸರಕಾರಿ ಅಂದಾಜಿನ ಪ್ರಕಾರ ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು 25 ಲಕ್ಷಕ್ಕೂ ಹೆಚ್ಚು. ಅದರಲ್ಲಿ ನೂರಕ್ಕೆ 44 ಮಂದಿ ಹೆಂಗಸರು. ಅತಿ ಹೆಚ್ಚು ಸೋಂಕಿತರಿರುವ ರಾಜ್ಯಗಳಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶದ ಜೊತೆ ಕರ್ನಾಟಕವೂ ಇದೆ. ಇನ್ನೊಂದು ಕಡೆ, 2022ರಲ್ಲಿ ದೇಶದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಹೊಸದಾಗಿ ಬಂತು, ಸುಮಾರು 80 ಸಾವಿರ ಮಂದಿ ಅದರಿಂದ ತೀರಿಕೊಂಡರು. ಏಳು ನಿಮಿಷಕ್ಕೆ ಒಬ್ಬರಂತೆ ಸಾವು. ಹೀಗಿದ್ದೂ 30ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು.

'ನಮ್ಮವರಿಗೆ ಅದೆಲ್ಲ ಬರುದಿಲ್ಲ'

ಈ ವಿಷಯ ಎತ್ತಿದರೆ ನಮ್ಮಲ್ಲಿ ಕೇಳಿಬರುವ ಮೊದಲ ಮಾತು ಇದು. "ನಮ್ಮ ಗಂಡಸರಿಗೆ ಸುನ್ನತ್ ಆಗಿರ್ತದಲ್ಲ, ನಮ್ಮವರಿಗೆ ಅದೆಲ್ಲ ಬರುದಿಲ್ಲ."

ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಮುಂಬೈಯ ಕ್ಯಾನ್ಸರ್ ನೋಂದಣಿಯ ಹಳೆಯ ಲೆಕ್ಕಗಳಲ್ಲಿ ಮುಸ್ಲಿಂ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಕಡಿಮೆ ಕಂಡದ್ದು ನಿಜ. ಸುನ್ನತ್ ಆದ ಗಂಡಸರಲ್ಲಿ ಎಚ್‌ಪಿವಿ ಕಡಿಮೆ ಉಳಿಯುತ್ತದೆ ಎಂಬುದಕ್ಕೂ ಆಧಾರ ಉಂಟು. ದಕ್ಷಿಣ ಆಫ್ರಿಕ, ಕೀನ್ಯಾ ಮತ್ತು ಉಗಾಂಡದಲ್ಲಿ ನಡೆದ ಮೂರು ದೊಡ್ಡ ಅಧ್ಯಯನಗಳಲ್ಲಿ, ಸುನ್ನತ್ ಮಾಡಿಸಿಕೊಂಡ ಗಂಡಸರಿಗೆ ಹೆಣ್ಣಿನಿಂದ ಎಚ್‌ಐವಿ ತಗಲುವ ಅಪಾಯ ಸುಮಾರು ಶೇ. 60ರಷ್ಟು ಕಡಿಮೆಯಾಯಿತು. ಇದನ್ನು ನೋಡಿಯೇ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಫ್ರಿಕದ ಹೆಚ್ಚು ಸೋಂಕಿರುವ ದೇಶಗಳಿಗೆ ಅದನ್ನು ಶಿಫಾರಸು ಮಾಡಿತು.

ಉಳಿದ ಅರ್ಧವನ್ನೂ ಕೇಳಬೇಕು. ಆ ರಕ್ಷಣೆ ಮುಖ್ಯವಾಗಿ ಗಂಡಸಿನದ್ದು. ಗಂಡನಿಗೆ ಆಗಲೇ ಎಚ್‌ಐವಿ ಬಂದಿದ್ದರೆ ಸುನ್ನತ್ ಹೆಂಡತಿಯನ್ನು ಕಾಪಾಡುವುದಿಲ್ಲ ಎಂದು ಉಗಾಂಡದಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ ಕಂಡುಬಂತು. ಕ್ಯಾನ್ಸರ್‌ನ ವಿಷಯದಲ್ಲೂ 'ಕಡಿಮೆ' ಎಂದರೆ 'ಇಲ್ಲ' ಎಂದಲ್ಲ. ಆಸ್ಪತ್ರೆಯ ಕ್ಯಾನ್ಸರ್ ವಿಭಾಗದ ಹೊರಗೆ ಒಂದು ದಿನ ಕುಳಿತರೆ ಬುರ್ಖಾ ಹಾಕಿದ ಉಮ್ಮಂದಿರೂ ಆ ಸಾಲಿನಲ್ಲಿ ಕಾಣಸಿಗುತ್ತಾರೆ. ಹೆಚ್ಚಿನವರು ಬಂದದ್ದು ತಡವಾಗಿ. ಬಿಳಿ ಸೆರಗಿಗೆ ವರ್ಷಗಟ್ಟಲೆ ಮನೆಮದ್ದು ಮಾಡಿ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಾಗ 'ಉಷ್ಣ' ಎಂದು ಎಳನೀರು ಕುಡಿದು, ಕೊನೆಗೆ ಸೊಂಟ ನೋವು ತಡೆಯಲಾರದೆ ಬಂದವರು.

ಎಚ್‌ಐವಿಯ ವಿಷಯದಲ್ಲೂ ಹಾಗೆಯೇ. ನಮ್ಮ ದೇಶದಲ್ಲಿ ಸೋಂಕು ತಗಲಿದ ಹೆಂಗಸರಲ್ಲಿ ಬಹಳಷ್ಟು ಮಂದಿ ಒಬ್ಬನೇ ಗಂಡನೊಂದಿಗೆ ಬಾಳಿದವರು. ಗಲ್ಫಿನ ಮೆಡಿಕಲ್‌ನಲ್ಲಿ ಸೋಂಕು ಕಂಡರೆ ಆ ಗಂಡಸಿಗೆ ವೀಸಾ ಇಲ್ಲ. ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ವಾಪಸ್ ಕಳಿಸುತ್ತಾರೆ. ಊರಿಗೆ ಬಂದವನು "ಕಂಪೆನಿಯಲ್ಲಿ ಕೆಲಸ ಇಲ್ಲ" ಎಂದೋ "ಮೆಡಿಕಲ್‌ನಲ್ಲಿ ಅನ್‌ಫಿಟ್" ಎಂದೋ ಹೇಳಿ ಸುಮ್ಮನಾದರೆ, ಹೆಂಡತಿಗೆ ಸತ್ಯ ಹೇಳುವವರು ಯಾರು? ಆ ಪರೀಕ್ಷೆ ನಡೆದದ್ದು ಇನ್ನೊಂದು ದೇಶದ ಅಗತ್ಯಕ್ಕೆ. ಅದರ ಫಲಿತಾಂಶ ನಮ್ಮೂರಿನ ಚಿಕಿತ್ಸಾ ಕೇಂದ್ರಕ್ಕೆ ತಾನಾಗಿ ಬಂದು ತಲುಪುವುದಿಲ್ಲ. ಗಂಡಸು ತಾನೇ ಹೋಗಿ ಹೇಳಬೇಕು, ಹೆಂಡತಿಯನ್ನೂ ಕರೆದುಕೊಂಡು ಹೋಗಬೇಕು. ಗಲ್ಫಿನಲ್ಲಿ ದುಡಿಯುವವರ ಮೇಲೆ ಅನುಮಾನ ಹುಟ್ಟಿಸಲು ಈ ಮಾತು ಹೇಳುತ್ತಿಲ್ಲ. ಅವರಲ್ಲಿ ಬಹುಪಾಲು ಮಂದಿಗೆ ಏನೂ ಇಲ್ಲ. ಇರುವ ಕೆಲವರ ಮನೆಯಲ್ಲಿ ಮೌನದ ಬೆಲೆ ತೆರುವವಳು ಹೆಂಡತಿ ಎಂಬುದಷ್ಟೇ ಇಲ್ಲಿನ ವಿಷಯ.

ಆಫ್ರಿಕದಲ್ಲಿ ಒಂದೇ ಬಾಗಿಲು

ಎಚ್‌ಐವಿಯಿಂದ ಅತಿ ಹೆಚ್ಚು ನೊಂದ ದೇಶಗಳು ಈ ಎರಡು ಪರೀಕ್ಷೆಗಳನ್ನು ಒಂದೇ ಸೂರಿನಡಿ ತಂದವು. ಝಾಂಬಿಯಾದಲ್ಲಿ 2006ರಿಂದ ಸರಕಾರಿ ಕ್ಲಿನಿಕ್‌ಗಳಲ್ಲಿ ನರ್ಸ್‌ಗಳೇ ಗರ್ಭಕಂಠ ತಪಾಸಣೆ ಮಾಡತೊಡಗಿದರು. ಎಚ್‌ಐವಿ ಚಿಕಿತ್ಸೆಗೆ ಬರುವ ಹೆಂಗಸು ಅಲ್ಲೇ ಪಕ್ಕದಲ್ಲಿ ಪರೀಕ್ಷೆ ಮಾಡಿಸಿಕೊಂಡು, ಬದಲಾವಣೆ ಕಂಡರೆ ಸಾಧ್ಯವಾದಷ್ಟು ಅದೇ ದಿನ ಚಿಕಿತ್ಸೆ ಪಡೆದು ಮನೆಗೆ ಹೋಗಬಹುದಿತ್ತು. ಪರೀಕ್ಷೆಗೆ ಬಂದವರಿಗೆ ಎಚ್‌ಐವಿ ತಪಾಸಣೆಯನ್ನೂ ಕೊಡುತ್ತಿದ್ದರು. 2018ರಲ್ಲಿ ಅಮೆರಿಕದ ನೆರವಿನಿಂದ ಇಂಥ ಕೆಲಸ ಆಫ್ರಿಕದ ಹಲವು ದೇಶಗಳಿಗೆ ಹಬ್ಬಿತು. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ದಿಢೀರ್ ತಡೆಹಿಡಿದಾಗ ಅದಕ್ಕೆ ದೊಡ್ಡ ಪೆಟ್ಟು ಬಿತ್ತು.

ನಮ್ಮ ದೇಶದಲ್ಲಿ ಆ ನೆಪ ಹೇಳುವ ಹಾಗಿಲ್ಲ. ನಮ್ಮ ಏಡ್ಸ್ ನಿಯಂತ್ರಣ ಕಾರ್ಯಕ್ರಮಕ್ಕೆ ಹಣ ಕೊಡುವುದು ಕೇಂದ್ರ ಸರಕಾರವೇ. 2004ರಿಂದ ಎಆರ್‌ಟಿ ಮಾತ್ರೆ ಉಚಿತ. 2017ರಿಂದ ಸೋಂಕು ಗೊತ್ತಾದ ಕೂಡಲೇ ಚಿಕಿತ್ಸೆ ಶುರುಮಾಡುವ ನೀತಿಯೂ ಇದೆ. 30 ದಾಟಿದ ಹೆಂಗಸರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಬೇಕೆಂಬ ಸರಕಾರಿ ಮಾರ್ಗಸೂಚಿ 2016ರಿಂದಲೇ ಉಂಟು. ಎರಡೂ ಸೇವೆಗಳಿವೆ, ಎರಡಕ್ಕೂ ಬೇರೆ ಬೇರೆ ಬಾಗಿಲು. ಮಾತ್ರೆ ಕೊಡುವ ಕೌಂಟರ್ ಒಂದು ಕಡೆ, ಸ್ತ್ರೀರೋಗ ವಿಭಾಗ ಇನ್ನೊಂದು ಕಡೆ, ಕೆಲವೊಮ್ಮೆ ಬೇರೆ ಆಸ್ಪತ್ರೆಯಲ್ಲಿ. ನಡೆದೇ ಹೋಗಬಹುದಾದ ದೂರ ಇರಬಹುದು. ಆದರೆ ಎಚ್‌ಐವಿ ಇದೆಯೆಂದು ಯಾರಿಗೂ ಗೊತ್ತಾಗಬಾರದೆಂದು ದೂರದ ತಾಲೂಕಿನಿಂದ ಬೆಳಗ್ಗಿನ ಬಸ್ಸಿಗೆ ಬಂದ ಹೆಂಗಸಿಗೆ, ಹೊಸ ಚೀಟಿ ಮಾಡಿಸಿ, ಹೊಸ ಡಾಕ್ಟರ ಎದುರು ಮತ್ತೆ ಎಲ್ಲ ಹೇಳಿಕೊಂಡು, ಮಕ್ಕಳು ಶಾಲೆಯಿಂದ ಬರುವ ಮೊದಲು ಮನೆ ಸೇರುವುದು ಆಗುವ ಮಾತಲ್ಲ. ಆಕೆ ಮಾತ್ರೆ ತಗೊಂಡು ಬಸ್ಸು ಹತ್ತುತ್ತಾಳೆ.

ಪರೀಕ್ಷೆ ಎಂದರೆ ಎಂಥದ್ದು?

"ಕ್ಯಾನ್ಸರ್ ಪರೀಕ್ಷೆ ಅಂದ್ರೆ ಕೊಯ್ತಾರಾ ಎಂಥ?" ಎಂದು ಕೇಳುವವರಿದ್ದಾರೆ. ಕೊಯ್ಯುವುದಿಲ್ಲ. ನಮ್ಮ ಸರಕಾರಿ ವ್ಯವಸ್ಥೆಯಲ್ಲಿ ಹೆಚ್ಚಾಗಿ ಮಾಡುವುದು ವಿಐಎ ಎಂಬ ಸರಳ ಪರೀಕ್ಷೆ. ವಿನೆಗರ್‌ನಂಥದೇ ತೆಳು ಆಮ್ಲವನ್ನು ಹತ್ತಿಯಲ್ಲಿ ಅದ್ದಿ ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಭಾಗ ಇದ್ದರೆ ಬೆಳ್ಳಗಾಗಿ ಕಾಣುತ್ತದೆ. ತರಬೇತಿ ಪಡೆದ ನರ್ಸ್ ಇದನ್ನು ಮಾಡಬಲ್ಲರು. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಒಳಗೊಂಡ ಅಧ್ಯಯನ ನಡೆಸಿ, ಇಷ್ಟು ಸರಳ ಪರೀಕ್ಷೆಯಿಂದಲೇ ಈ ಕ್ಯಾನ್ಸರ್‌ನ ಸಾವನ್ನು ಶೇ. 31ರಷ್ಟು ತಗ್ಗಿಸಬಹುದು ಎಂದು ತೋರಿಸಿದರು. ಇದಕ್ಕಿಂತ ಉತ್ತಮವಾದದ್ದು ಎಚ್‌ಪಿವಿ ಡಿಎನ್‌ಎ ಪರೀಕ್ಷೆ. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ, ಒಂದೇ ಒಂದು ಸಲದ ಎಚ್‌ಪಿವಿ ಪರೀಕ್ಷೆ ಸಾವನ್ನು ಸುಮಾರು ಅರ್ಧಕ್ಕೆ ಇಳಿಸಿತು. ಇದಕ್ಕೆ ಬೇಕಾದ ಮಾದರಿಯನ್ನು ಹೆಂಗಸು ಪರದೆಯ ಹಿಂದೆ ತಾನೇ ತೆಗೆದು ಕೊಡಬಹುದು. ಗಂಡಸು ಡಾಕ್ಟರ್ ಇರುತ್ತಾರೆಂದು ಹಿಂಜರಿಯುವ ನಮ್ಮ ಹೆಂಗಸರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೆ?

ಎಚ್‌ಐವಿ ಇರುವವರಿಗೆ ನಿಯಮ ಬೇರೆ. ಉಳಿದವರು 30ರಿಂದ ಶುರುಮಾಡಿ, ಎಚ್‌ಪಿವಿ ಪರೀಕ್ಷೆಯಾದರೆ 5ರಿಂದ 10 ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು. ಎಚ್‌ಐವಿ ಇರುವವರು 25ರಿಂದಲೇ ಶುರುಮಾಡಿ 3ರಿಂದ 5 ವರ್ಷಕ್ಕೊಮ್ಮೆ ಮಾಡಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ. ಬದಲಾವಣೆ ಕಂಡು ಚಿಕಿತ್ಸೆಯಾದ ಮೇಲೂ ಇವರಲ್ಲಿ ಅದು ಮರುಕಳಿಸುವ ಸಾಧ್ಯತೆ ಹೆಚ್ಚು. ಆದ್ದರಿಂದ ಒಂದು ವರ್ಷದ ನಂತರ ತಪ್ಪದೆ ಮತ್ತೆ ನೋಡಿಸಿಕೊಳ್ಳಬೇಕು. ಬದಲಾವಣೆ ಕಂಡ ಹೆಂಗಸಿಗೆ ಎಚ್‌ಐವಿ ಇದೆಯೋ ಎಂದು ಯಾರೂ ಕೇಳದೇ ಹೋದರೆ ಈ ಎಚ್ಚರಿಕೆಗಳೆಲ್ಲ ಆಕೆಯ ಪಾಲಿಗೆ ಇಲ್ಲದಂತೆಯೇ. "ಚಿಕಿತ್ಸೆ ಆಯ್ತು, ಇನ್ನು ಐದು ವರ್ಷ ಬಿಟ್ಟು ಬನ್ನಿ" ಎಂದು ಕಳಿಸುತ್ತಾರೆ. ಐದು ವರ್ಷದಲ್ಲಿ ಆಕೆಯ ದೇಹದಲ್ಲಿ ಕಾಯಿಲೆ ಬಹುದೂರ ಹೋಗಿರಬಹುದು.

ಸಮಾಧಾನದ ಮಾತೂ ಉಂಟು. ಎಆರ್‌ಟಿ ಬೇಗ ಶುರುಮಾಡಿ ತಪ್ಪದೆ ತೆಗೆದುಕೊಳ್ಳುವ ಹೆಂಗಸರಲ್ಲಿ ಎಚ್‌ಪಿವಿ ಉಳಿಯುವುದೂ, ಬದಲಾವಣೆ ಮುಂದುವರಿಯುವುದೂ ಕಡಿಮೆ. ಕ್ಯಾನ್ಸರ್ ಬಂದರೂ ಎಚ್‌ಐವಿ ಹತೋಟಿಯಲ್ಲಿದ್ದರೆ ಉಳಿದವರಿಗೆ ಕೊಡುವ ಚಿಕಿತ್ಸೆಯನ್ನೇ ಇವರಿಗೂ ಕೊಡಬಹುದು. ಮಾತ್ರೆಯಿಂದ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ತಗ್ಗಿದರೆ ದಾಂಪತ್ಯದಲ್ಲಿ ಸಂಗಾತಿಗೆ ಅದು ಹರಡುವುದೂ ಇಲ್ಲ.

ಯಾರು ಏನು ಮಾಡಬೇಕು?

2020ರ ನವೆಂಬರ್ 17ರಂದು ವಿಶ್ವ ಆರೋಗ್ಯ ಸಂಸ್ಥೆ ಈ ಕ್ಯಾನ್ಸರನ್ನು ತೊಲಗಿಸುವ ಗುರಿ ಹಾಕಿಕೊಂಡಿತು. 2030ರೊಳಗೆ ನೂರಕ್ಕೆ 90 ಹುಡುಗಿಯರಿಗೆ 15 ತುಂಬುವ ಮೊದಲು ಲಸಿಕೆ, 70 ಹೆಂಗಸರಿಗೆ 35ರೊಳಗೆ ಒಮ್ಮೆ ಮತ್ತು 45ರೊಳಗೆ ಇನ್ನೊಮ್ಮೆ ತಪಾಸಣೆ, ಕಾಯಿಲೆ ಕಂಡ 90 ಮಂದಿಗೆ ಚಿಕಿತ್ಸೆ. ನವೆಂಬರ್ 17 ಆಗಿ ಎರಡು ವಾರಕ್ಕೆ ಡಿಸೆಂಬರ್ 1, ಏಡ್ಸ್ ದಿನ. ಎರಡಕ್ಕೂ ಬೇರೆ ಬೇರೆ ಜಾಥಾ, ಬೇರೆ ಬೇರೆ ಬ್ಯಾನರ್. ಎರಡೂ ಬ್ಯಾನರ್ ಒಬ್ಬಳೇ ಹೆಂಗಸಿನ ಬಗ್ಗೆ ಇರಬಹುದು ಎಂಬುದು ಎಲ್ಲೂ ಬರೆದಿರುವುದಿಲ್ಲ.

ಲಸಿಕೆಯ ವಿಷಯದಲ್ಲಿ ದೇಶ ಮುಂದೆ ಬಂದಿದೆ. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿತು. 9ರಿಂದ 14 ವರ್ಷದ ಹುಡುಗಿಯರಿಗೆ ಲಸಿಕೆಯನ್ನು ಉತ್ತೇಜಿಸುವುದಾಗಿ 2024ರ ಮಧ್ಯಂತರ ಬಜೆಟ್‌ನಲ್ಲಿ ಹೇಳಲಾಯಿತು. "ಸೂಜಿ ಹಾಕಿದ್ರೆ ಮುಂದೆ ಮಕ್ಕಳಾಗುದಿಲ್ವಂತೆ" ಎಂಬ ವಾಟ್ಸ್‌ಆ್ಯಪ್ ಮಾತಿಗೆ ಆಧಾರವಿಲ್ಲ. ಎಚ್‌ಐವಿ ಇರುವ ಹುಡುಗಿಯರಿಗೆ ಒಂದು ಡೋಸ್ ಸಾಲದು. ಕನಿಷ್ಠ ಎರಡು, ಸಾಧ್ಯವಾದರೆ ಮೂರು ಬೇಕು. ಆದರೆ ಲಸಿಕೆ ನಾಳೆಯವರಿಗೆ. ಇವತ್ತು ನಲ್ವತ್ತು ದಾಟಿದ ಉಮ್ಮನಿಗೆ ಇರುವ ದಾರಿ ತಪಾಸಣೆ ಒಂದೇ.

ಆದ್ದರಿಂದ ಸರಕಾರದ ಮುಂದೆ ಇಡಬೇಕಾದ ಬೇಡಿಕೆ ಸಣ್ಣದು. ಪ್ರತಿ ಎಆರ್‌ಟಿ ಕೇಂದ್ರದಲ್ಲಿ ತಿಂಗಳ ಮಾತ್ರೆಗೆ ಬರುವ ಹೆಂಗಸಿಗೆ ಅದೇ ದಿನ, ಅದೇ ಆವರಣದಲ್ಲಿ ಗರ್ಭಕಂಠದ ತಪಾಸಣೆ ಸಿಗಲಿ. ಗರ್ಭಕಂಠದಲ್ಲಿ ಬದಲಾವಣೆ ಕಂಡ ಪ್ರತಿಯೊಬ್ಬ ಹೆಂಗಸಿಗೂ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳುವಿರಾ ಎಂದು ಖಾಸಗಿಯಾಗಿ, ಗೌರವದಿಂದ ಕೇಳಲಿ. ಕೇಳುವುದು ಮಾತ್ರ, ಬಲವಂತ ಬೇಡ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಪ್ರಕಾರ ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ, ಸೋಂಕಿದೆಯೆಂದು ಚಿಕಿತ್ಸೆ ನಿರಾಕರಿಸುವಂತೆಯೂ ಇಲ್ಲ. ಈ ಕಾಯ್ದೆ ಗೊತ್ತಿರುವ ಹೆಂಗಸು ಆಸ್ಪತ್ರೆಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ. ಪರೀಕ್ಷೆ ಎಲ್ಲಿ, ಹೇಗೆ ಎಂದು ಹೆಸರು ಹೇಳದೆ ಕೇಳಬೇಕಿದ್ದರೆ 1097 ಎಂಬ ಉಚಿತ ಸಹಾಯವಾಣಿ ಇದೆ.

ನಮ್ಮ ಜಮಾಅತ್‌ಗಳೂ ಮಾಡಬಹುದಾದದ್ದು ಇದೆ. ರಕ್ತದಾನ ಶಿಬಿರ, ಕಣ್ಣಿನ ಶಿಬಿರಗಳನ್ನು ನಾವು ಎಷ್ಟು ಚಂದ ಮಾಡುತ್ತೇವೆ! ಅದೇ ಮದ್ರಸದ ಹಾಲ್‌ನಲ್ಲಿ, ಲೇಡಿ ಡಾಕ್ಟರ್ ಮತ್ತು ನರ್ಸ್‌ಗಳು ಮಾತ್ರ ಇರುವ ಒಂದು ತಪಾಸಣಾ ಶಿಬಿರವನ್ನು ವರ್ಷಕ್ಕೊಮ್ಮೆ ಇಡಬಹುದು. ಊರಿನ ಆಶಾ ಕಾರ್ಯಕರ್ತೆಯನ್ನು ಕರೆಯಬಹುದು. ಪರೀಕ್ಷೆಗೆ ಬಂದವರ ಪಟ್ಟಿ ಯಾರ ಕೈಗೂ ಸಿಗದಂತೆ ನೋಡಿಕೊಳ್ಳುವ ಜವಾಬ್ದಾರಿಯನ್ನು ಮಾತ್ರ ಗಟ್ಟಿಯಾಗಿ ಹೊರಬೇಕು. ಒಂದು ಹೆಸರು ಹೊರಬಿದ್ದರೆ ಮುಂದಿನ ವರ್ಷ ಒಬ್ಬರೂ ಬರುವುದಿಲ್ಲ.

ಗಂಡಸರಿಗೆ ಹೇಳುವುದು ಇಷ್ಟೇ. ಈ ಸಲ ರಜೆಗೆ ಬಂದಾಗ ಕಪಾಟಿನ ಆ ಫೈಲ್ ತೆಗೆದು, ನಿಮ್ಮ ಮೆಡಿಕಲ್ ರಿಪೋರ್ಟನ್ನು ಹೆಂಡತಿಯ ಜೊತೆ ಕೂತು ನೋಡಿ. ಆಮೇಲೆ ಆಕೆಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ, ಆಕೆಯ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ. "ನಂಗೆ ಎಂಥ ಆಗಿಲ್ಲ, ಸುಮ್ನೆ ಯಾಕೆ?" ಎಂದು ಆಕೆ ಹೇಳಿಯೇ ಹೇಳುತ್ತಾಳೆ. ಏನೂ ಆಗದಿರುವಾಗಲೇ ಹೋಗಬೇಕಾದ ಪರೀಕ್ಷೆ ಇದು ಎಂದು ಹೇಳಿ, ಆ ರಿಪೋರ್ಟನ್ನೂ ಅದೇ ಫೈಲಿನಲ್ಲಿ ಇಡಿ.